ನೀರಿಗೆ ಹೊರಟ ಆನೆ

ತುಂಗಭದ್ರೆಗೆ ಅಡ್ಡಲಾಗಿ ಇನ್ನೂ ಒಂದು ಕಲ್ಲೂ ಬೀಳದಿದ್ದ ದಿನಗಳು ಅವು. ಅಣೆಕಟ್ಟು ಆಗ ಇದ್ದದ್ದು ನಕಾಶೆಯಲ್ಲಿ ಮಾತ್ರ. ಹೊಸಪೇಟೆಯಲ್ಲಿ ಮದ್ರಾಸ್ ಸರ್ಕಾರದ ಒಂದು ಸರ್ವೆ ಕಚೇರಿ ಇತ್ತು. ಅಲ್ಲಿ ಎತ್ತರದ ಓರೆ ಮೇಜಿನ ಮುಂದೆ ನಿಂತು ನಕಾಶೆ ಬರೆಯುತ್ತಿದ್ದವರಲ್ಲಿ ನಮ್ಮ ವಾಸು ಕಾಕಾ ಒಬ್ಬರು. ಅಪ್ಪನ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಸಂಜೆ ಮನೆಗೆ ಬಂದಾಗ ಅವರ ನಡುಬೆರಳಿಗೆ ಕಪ್ಪು ಮಸಿ, ಅಂಗಿಯ ತೋಳಿನ ತುದಿಗೆ ಸೀಮೆಸುಣ್ಣದ ಪುಡಿ ಹತ್ತಿರುತ್ತಿತ್ತು.

ಆಗ ಒಳ್ಳೆಯ ನಕಾಶೆಗಳನ್ನು ಬರೆಯುತ್ತಿದ್ದುದು ಬಟ್ಟೆಯ ಮೇಲೆ. ಟ್ರೇಸಿಂಗ್ ಬಟ್ಟೆ ಎನ್ನುತ್ತಿದ್ದರು. ತೆಳ್ಳನೆಯ ನೂಲಿನ ಬಟ್ಟೆಗೆ ಗಟ್ಟಿ ಗಂಜಿ ಹಾಕಿ, ಉಜ್ಜಿ ಉಜ್ಜಿ ನುಣುಪು ಮಾಡಿರುತ್ತಿದ್ದರು. ತಿಳಿನೀಲಿ ಬಣ್ಣದ್ದು, ಹಿಡಿದರೆ ಹಪ್ಪಳದ ಹಾಗೆ ಸದ್ದು ಮಾಡುತ್ತಿತ್ತು. ಅಡಿಯಲ್ಲಿ ಏನಿಟ್ಟರೂ ಮೇಲೆ ಕಾಣುತ್ತಿತ್ತು. ಒಂದು ಗೆರೆ ತಪ್ಪಿದರೆ ಇಡೀ ಹಾಳೆ ರದ್ದಿ. ಹಾಗೆ ರದ್ದಿಯಾದದ್ದನ್ನು ನಕಾಶೆಯವರು ಮನೆಗೆ ತರುತ್ತಿದ್ದರು. ಮನೆಯ ಹೆಂಗಸರು ಅದನ್ನು ಬಿಸಿನೀರಿಗೆ ಸೋಡಾ ಹಾಕಿ ನೆನೆಸಿ ತಿಕ್ಕುತ್ತಿದ್ದರು. ಗಂಜಿ ಬಿಡುತ್ತಿತ್ತು, ಗಂಜಿಯ ಸಂಗಡ ಮಸಿಯೂ ಬಿಡುತ್ತಿತ್ತು, ಒಳಗಿನಿಂದ ಕೂಸಿನ ಕಿವಿಯಷ್ಟು ಮೆತ್ತನೆಯ ಬಿಳಿ ಬಟ್ಟೆ ಬರುತ್ತಿತ್ತು. ಯುದ್ಧದ ಕಾಲ, ಅಂಗಡಿಯಲ್ಲಿ ಬಟ್ಟೆಗೆ ಬರ. ನಮ್ಮ ಮನೆಯ ಕರವಸ್ತ್ರ, ಹಾಲಿನ ಪಾತ್ರೆಯ ಮುಸುಕು, ಕೂಸಿನ ಕುಲಾವಿ ಎಲ್ಲವೂ ಹಿಂದಿನ ಜನ್ಮದಲ್ಲಿ ಕಾಲುವೆಯೋ ತೂಬೋ ಆಗಿದ್ದವು.

ಆ ವರ್ಷ ಅಮ್ಮ ಬಾಣಂತನಕ್ಕೆಂದು ಕಂಪ್ಲಿಯ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪ, ಅಜ್ಜಿ, ಕಾಕಾ, ನಾನು. ನನಗೆ ಹತ್ತು ವರ್ಷ. ಸಿಸ್ಟರುಗಳು ನಡೆಸುತ್ತಿದ್ದ ಶಾಲೆಗೆ ಬಿಳಿ ಫ್ರಾಕು ತೊಟ್ಟು, ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು ಹೋಗುತ್ತಿದ್ದೆ.

ಸುಗ್ಗಿ ಮುಗಿದ ಮೇಲೆ ಚಿತ್ತವಾಡ್ಗಿಯ ಕಡೆಯ ಬಯಲಿನಲ್ಲಿ ಟೆಂಟಿನ ಸಿನೆಮಾ ಬಂತು. ದೇವರ ಕಥೆ ಎಂದಮೇಲೆ ಅಜ್ಜಿಯೂ ಹೊರಟಳು. ಮರಳಿನ ಮೇಲೆ ಕೂತರೆ ಫ್ರಾಕಿನ ಒಳಗೆಲ್ಲ ತಂಪು. ಹುರಿದ ಶೇಂಗಾದ ವಾಸನೆ, ಬೀಡಿಯ ಹೊಗೆ, ಟೆಂಟಿನ ಹಿಂದೆ ಎಂಜಿನ್ನಿನ ಗುಡುಗುಡು. ದೇವರ ಚಿತ್ರಕ್ಕೆ ಮೊದಲು ಒಂದು ತುಂಡು ಚಿತ್ರ ಹಾಕಿದರು. ಅದರಲ್ಲಿ ಮನುಷ್ಯರೇ ಇರಲಿಲ್ಲ. ಗೆರೆ ಎಳೆದು ಬರೆದ ಒಂದು ಮೇಕೆ. ಅದು ಗುಡ್ಡದ ತುದಿ ಹತ್ತಿ ಒಂದು ಮೋಡವನ್ನು ಕಚ್ಚಿ ತಿನ್ನುತ್ತದೆ. ರುಚಿ ಹತ್ತಿ ಇನ್ನೊಂದು, ಮತ್ತೊಂದು. ಹೊಟ್ಟೆ ಉಬ್ಬಿ ತಾನೇ ಮೇಲಕ್ಕೆ ತೇಲುತ್ತದೆ. ಕೊನೆಗೆ ಆಕ್ಷೀ ಎಂದು ಒಂದು ಸೀನು ಸೀನಿ, ಊರ ಮೇಲೆಲ್ಲ ಮಳೆ.

ಅಜ್ಜಿ ಬಾಯಿಗೆ ಸೆರಗು ತುರುಕಿಕೊಂಡು ಅಲುಗಾಡಿ ನಕ್ಕಳು. ಮನೆಯಲ್ಲಿ ಹುಬ್ಬು ಗಂಟಿಕ್ಕಿಯೇ ಊಟ ಮಾಡುವ ನಮ್ಮ ಅಪ್ಪ ತೊಡೆ ತಟ್ಟಿಕೊಂಡರು. ಹಿಂದೆ ಕೂತಿದ್ದ ಜಟಕಾದವರು, "ಮಿಷನ್ನಣ್ಣಾ, ದೇವರು ಆಮ್ಯಾಲೆ ಬರಲಿ, ಮೇಕೆ ಇನ್ನೊಮ್ಮೆ ಬಿಡಪ್ಪ" ಎಂದು ಕೂಗಿದರು. ಸಿನೆಮಾ ಮಿಷನ್ನಿನವನು ನಿಜವಾಗಿಯೂ ಇನ್ನೊಮ್ಮೆ ಬಿಟ್ಟ. ಎರಡನೆಯ ಸಲ ನಗು ಇನ್ನೂ ಜೋರು. ಮಕ್ಕಳಿಗಿಂತ ದೊಡ್ಡವರ ದನಿಯೇ ಹೆಚ್ಚಾಗಿತ್ತು.

ನಗದೆ ಕೂತಿದ್ದವರು ಕಾಕಾ ಒಬ್ಬರೇ. ಮೊಣಕಾಲಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಏನನ್ನೋ ಲೆಕ್ಕ ಹಾಕುತ್ತಿದ್ದರು. ಮನೆಗೆ ನಡೆದು ಬರುವಾಗ ಕೇಳಿದೆ.

"ಕಾಕಾ, ನಿಮಗ ನಗು ಬರ್ಲಿಲ್ಲೇನು?"

"ಅದು ಓಡ್ಲೇ ಇಲ್ಲ ಪುಟ್ಟಿ."

"ಓಡ್ತಲ್ಲ, ಗುಡ್ಡದ ಮ್ಯಾಲೆ."

"ಒಂದೂ ಓಡಿಲ್ಲ. ಎಲ್ಲಾ ನಿಂತಿದ್ದ ಚಿತ್ರ. ಯಾರೋ ಪುಣ್ಯಾತ್ಮ ಒಂದರ ಹಿಂದೊಂದು ಕೂತು ಬರದಾನ. ಓಡಿಸಿದ್ದು ನಮ್ಮ ಕಣ್ಣು."

"ಹಂಗಾರ ನಾ ಇಷ್ಟೊತ್ತು ನಕ್ಕಿದ್ದು ಯಾರ್ನ ನೋಡಿಯೋ?" ಎಂದಳು ಅಜ್ಜಿ.

ಮುಂದಿನ ಭಾನುವಾರ ಕಾಕಾ ಒಂದು ದೊಡ್ಡ ರದ್ದಿ ಹಾಳೆಯನ್ನು ನಡುಮನೆಯಲ್ಲಿ ಹಾಸಿದರು. ಹಂಪಿಯ ಗುಡಿಯ ಗೋಡೆಗಳ ಮೇಲೆ ಸಾಲಾಗಿ ಆನೆಗಳಿವೆಯಲ್ಲ, ಅದರಲ್ಲೊಂದು ಮುಂಗಾಲು ಎತ್ತಿ ನಿಂತದ್ದು ಅವರಿಗೆ ಬಹಳ ಪರಿಚಯ. "ಎಷ್ಟು ನೂರು ವರ್ಷದಿಂದ ಒಂದೇ ಕಾಲು ಎತ್ಕೊಂಡು ನಿಂತದ ಪಾಪ. ಹೊಳಿ ಕೂಗಳತಿ ದೂರದಾಗ ಅದ. ನೀರಿಗೆ ಬಿಟ್ಟು ಬರೋಣೇನು?" ಎಂದರು.

ಕಥೆ ಕಟ್ಟಿದ್ದು ನಾವಿಬ್ಬರೂ ಸೇರಿ. ಆನೆ ಗೋಡೆಯಿಂದ ಇಳಿಯಬೇಕು. ಬಾಳೆತೋಟದ ನಡುವೆ ನಡೆದು, ಬಂಡೆಗಳನ್ನು ಬಳಸಿ, ಹೊಳೆಗೆ ಇಳಿದು ನೀರು ಕುಡಿಯಬೇಕು. ಜನ ಏಳುವ ಮೊದಲು ಬಂದು ಗೋಡೆಯಲ್ಲಿ ನಿಂತುಬಿಡಬೇಕು. ಆದರೆ ನಿಲ್ಲುವಾಗ ಮರೆತು ಇನ್ನೊಂದು ಕಾಲನ್ನು ಎತ್ತಿ ನಿಲ್ಲಬೇಕು. ಅದು ನನ್ನ ಸೇರಿಕೆ. "ಯಾರಿಗೂ ಗೊತ್ತಾಗಂಗಿಲ್ಲ, ನಮ್ಮಿಬ್ಬರಿಗೆ ಅಷ್ಟೇ" ಎಂದು ಕಾಕಾ ನನ್ನ ಜಡೆ ಎಳೆದರು.

ಒಂದೊಂದು ಹಾಳೆಗೆ ಹನ್ನೆರಡು ಮನೆ ಕೊರೆದು, ಮನೆಗೊಂದು ಆನೆ. ಮೊದಲಿನದರ ಮೇಲೆ ಹೊಸ ಹಾಳೆ ಸರಿಸಿ, ಕೆಳಗೆ ಕಾಣುವ ಆನೆಗಿಂತ ಕೂದಲೆಳೆಯಷ್ಟು ಬೇರೆಯಾಗಿ ಇನ್ನೊಂದು ಬರೆಯುತ್ತಿದ್ದರು. ಮಸಿ ಹಿಡಿಯಲೆಂದು ಹಾಳೆಗೆ ಸೀಮೆಸುಣ್ಣದ ಪುಡಿ ಉದುರಿಸಿ ಅರಿವೆಯಿಂದ ಉಜ್ಜುವುದು ನನ್ನ ಕೆಲಸ. ಆ ಪುಡಿಯ ಒಣ ವಾಸನೆ, ಲೇಖನಿಯ ಮೊನೆ ಹಾಳೆಯ ಮೇಲೆ ಸರಿಯುವಾಗ ಆಗುವ ಸಣ್ಣ ಕಿರ್ ಸದ್ದು, ಅಡುಗೆಮನೆಯಿಂದ ಅಜ್ಜಿಯ ಮೆಂತ್ಯದ ಒಗ್ಗರಣೆ. ಹೊರಗೆ ನನ್ನ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರೂ ನಾನು ಏಳುತ್ತಿರಲಿಲ್ಲ.

ಮೊದಲ ಹಾಳೆ ಮುಗಿದಾಗ ಅದನ್ನು ಮಾತ್ರ ಕತ್ತರಿಸಿ, ಹನ್ನೆರಡು ಎಲೆಯ ಪುಟ್ಟ ಪುಸ್ತಕ ಹೊಲಿದರು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಆನೆ ಕಾಲನ್ನು ಕೆಳಗಿಟ್ಟು ಗೋಡೆಯಿಂದ ತಲೆ ಹೊರಹಾಕುತ್ತಿತ್ತು. ಅಷ್ಟೇ. ಅಜ್ಜಿ ಒಗ್ಗರಣೆ ಬಿಟ್ಟು ಬಂದಳು.

"ಇನ್ನೊಮ್ಮೆ ಬಿಡೋ ವಾಸು."

"ಅಮ್ಮಾ, ಹೊತ್ತ ವಾಸನಿ ಬರ್ಲಿಕ್ಹತ್ತದ."

"ಹೊತ್ತಲಿ. ನೀ ಬಿಡು."

ಉಳಿದ ಹಾಳೆಗಳನ್ನು ಎಲ್ಲ ಮುಗಿದ ಮೇಲೇ ಕತ್ತರಿಸುವುದು ಎಂದಾಯಿತು. ಎರಡು ಹಲಗೆಯ ನಡುವೆ ಇಟ್ಟು ಗೋಡೆಯ ಎತ್ತರದ ಮಾಡದಲ್ಲಿ ಇಡುತ್ತಿದ್ದೆವು. ದಾರ ಬೇಡ, ಗುರುತು ಬೀಳುತ್ತದೆ ಎಂದು ನಾನೇ ನನ್ನ ಒಂದು ಕೆಂಪು ರಿಬ್ಬನ್ ಕೊಟ್ಟು ಎರಡು ಗಂಟು ಹಾಕಿ ಕಟ್ಟಿದೆ.

ಒಂದು ಸಂಜೆ ಕಾಕಾನಿಗೆ ಅನುಮಾನ ಬಂತು. ಆನೆ ನಡೆಯುವಾಗ ಯಾವ ಕಾಲಿನ ಹಿಂದೆ ಯಾವ ಕಾಲು? ಧೋತರ ಮೇಲೆ ಕಟ್ಟಿ ಅಂಗಳದಲ್ಲಿ ನಾಲ್ಕು ಕಾಲಿನ ಮೇಲೆ ನಿಂತರು. ನಾನು ಪಾಟಿ ಹಿಡಿದು ಹಿಂದೆ.

"ಈಗ ಯಾವುದು? ಹಿಂದಿನ ಎಡಗಾಲೇನು?"

"ಹೌದು ಕಾಕಾ. ಆಮ್ಯಾಲೆ ಅದೇ ಬದಿ ಮುಂದಿಂದು."

"ಭಾಳ ಜಲ್ದಿ ಆತು. ಆನಿ ಇಷ್ಟು ಜಲ್ದಿ ಮಾಡಂಗಿಲ್ಲ, ಅದಕ ಎಲ್ಲಿ ಕಚೇರಿ ಅದ?"

ಆಗಲೇ ಬಾಗಿಲಲ್ಲಿ ನಗು ಕೇಳಿತು. ನನ್ನ ತರಗತಿಯ ಲೀಲಾ, ಕಾಕಾನ ಕಚೇರಿಯ ಎಂಜಿನಿಯರರ ಮಗಳು, ನನ್ನ ಭೂಗೋಳದ ಪುಸ್ತಕ ಹಿಂದಿರುಗಿಸಲು ಬಂದು ಕಂಬ ಹಿಡಿದು ನಿಂತಿದ್ದಳು. ಕಾಕಾನಿಗೆ ಎಳ್ಳಷ್ಟೂ ನಾಚಿಕೆ ಇಲ್ಲ. ಅಂಗೈಯ ಮಣ್ಣು ಒರೆಸಿಕೊಂಡು, "ಬಾರವ್ವ, ನೀನೂ ನೋಡು, ಆನಿ ಹೆಂಗ ನಡೀತದಂತ" ಎಂದು ಪುಟ್ಟ ಪುಸ್ತಕ ತಂದು ಅವಳ ಕೈಗೆ ಕೊಟ್ಟರು. ಅವಳು ಮೂರು ಸಲ ಸರ್ರನೆ ಬಿಟ್ಟು ನೋಡಿದಳು.

ಬೀದಿಯ ಬಾಗಿಲವರೆಗೆ ಕಳಿಸಲು ಹೋದಾಗ ಕೇಳಿದಳು: "ದೊಡ್ಡೋರೂ ಹಿಂಗ ಆಡ್ತಾರೇನೇ?"

ಅವಳ ಬೂಟಿನ ಹೊಳಪು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅದನ್ನೇ ನೋಡುತ್ತಾ ಹೇಳಿದೆ: "ನಮ್ಮ ಕಾಕಾಗ ತಲಿ ಸ್ವಲ್ಪ ಸರಿ ಇಲ್ಲ."

ಹೇಳಿ ತಿರುಗಿ ನೋಡಿದೆ. ಕಾಕಾ ಅಂಗಳದಲ್ಲಿ ಮತ್ತೆ ನಾಲ್ಕು ಕಾಲಿನ ಮೇಲಿದ್ದರು.

ಮರುದಿನ ನಾನು ತರಗತಿಗೆ ಕಾಲಿಟ್ಟಾಗ ಹುಡುಗಿಯರು ಬೆಂಚಿನಲ್ಲಿ ಸರಿದು, "ಜಾಗ ಬಿಡ್ರೇ, ಆನಿ ಬಂತು" ಎಂದರು. ಕಡ್ಡಿಯಂತಿದ್ದವಳು ನಾನು. ಅಂದು ಮಧ್ಯಾಹ್ನ ಡಬ್ಬಿಯ ಅವಲಕ್ಕಿಯನ್ನು ಹಾಗೇ ಮನೆಗೆ ತಂದೆ. ಸಂಜೆ ಕಾಕಾ ಹಾಳೆ ಹಾಸಿ, "ಬಾ ಪುಟ್ಟಿ, ಪುಡಿ ಉಜ್ಜು" ಎಂದರೆ, "ಪಾಠ ಭಾಳ ಅದಾವ" ಎಂದೆ. ಅದರ ಮರುದಿನವೂ ಅದೇ ಮಾತು. ಕಾಕಾ ತಾವೇ ಪುಡಿ ಉಜ್ಜಿಕೊಂಡು ತಾವೇ ಬರೆದರು. ನಡುನಡುವೆ ನನಗೆ ಕೇಳಲೆಂದು ದನಿ ಎತ್ತಿ, "ಇವತ್ತು ಬಾಳೆತೋಟ ದಾಟ್ತು", "ಇವತ್ತು ಬಂಡೆಗಲ್ಲ ಹತ್ರ ಬಂತು" ಎನ್ನುತ್ತಿದ್ದರು. ಒಂದು ಶುಕ್ರವಾರ, "ಹೊಳಿ ದಂಡಿಗೆ ಬಂದು ನಿಂತದ. ಭಾನುವಾರ ಸೊಂಡಿಲು ನೀರಿಗೆ ಮುಟ್ಟತದ. ಅವತ್ತರ ಬಾ" ಎಂದರು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಅದೇ ವಾರ ಹೊಲಿಗೆಯ ಸಿಸ್ಟರ್, ವರ್ಷದ ಪ್ರದರ್ಶನಕ್ಕೆ ಪ್ರತಿಯೊಬ್ಬಳೂ ಆರು ಕರವಸ್ತ್ರ ಹೊಲಿದು ಅಂಚಿಗೆ ಕಸೂತಿ ಹಾಕಬೇಕು ಎಂದಿದ್ದರು. ದೊಡ್ಡ ಅಧಿಕಾರಿಗಳ ಹೆಂಡತಿ ನೋಡಲು ಬರುತ್ತಾರೆ, ಬಟ್ಟೆ ನಯವಾಗಿರಲಿ. ಶನಿವಾರ ಅಜ್ಜಿಯನ್ನು ಕೇಳಿದೆ.

"ಈಗ ಅಂಗಡ್ಯಾಗ ಎಲ್ಲಿ ಸಿಗತದ? ನಿಮ್ಮ ಕಾಕಾನ ರದ್ದಿ ಡಬ್ಬಿ ನೋಡು. ಹಂಡ್ಯಾಗ ಬಿಸಿನೀರು ಅದ, ನೀನೇ ನೆನಿ ಹಾಕ್ಕೋ" ಎಂದು ಅಜ್ಜಿ ಊಟದ ನಂತರ ಅಡ್ಡಾದಳು.

ರದ್ದಿ ಡಬ್ಬಿಯಲ್ಲಿ ಹರಿದ ಎರಡು ತುಂಡು ಬಿಟ್ಟರೆ ಏನೂ ಇರಲಿಲ್ಲ. ಒಳ್ಳೆಯದೆಲ್ಲ ಆನೆಗೆ ಹೋಗಿತ್ತು. ನಾನು ಸ್ಟೂಲು ಹತ್ತಿ ಮಾಡದಿಂದ ಹಲಗೆ ಇಳಿಸಿದೆ.

ಗಂಟು ನನ್ನದೇ. ಎರಡು ಗಂಟು, ಬಿಗಿಯಾಗಿತ್ತು, ಉಗುರಿನಿಂದ ಬಿಡಿಸಬೇಕಾಯಿತು. ಯೋಚನೆ ಮಾಡಲು ಬೇಕಾದಷ್ಟು ಹೊತ್ತಿತ್ತು. ರಿಬ್ಬನ್ನನ್ನು ಸಿಸ್ಟರ್ ಕಲಿಸಿದ ಹಾಗೆ ನಾಲ್ಕು ಮಡಿಕೆ ಮಡಿಸಿ ಹಲಗೆಯ ಮೇಲಿಟ್ಟೆ. ಒಳಗೆ ಹತ್ತೊಂಬತ್ತು ಹಾಳೆ. ಆರು ಕರವಸ್ತ್ರಕ್ಕೆ ಎರಡು ಹಾಳೆ ಸಾಕು. ನಾನು ಹತ್ತೊಂಬತ್ತನ್ನೂ ಬಚ್ಚಲಿಗೆ ಒಯ್ದೆ.

ಹಿತ್ತಾಳೆಯ ದೊಡ್ಡ ಬೋಗುಣಿಯಲ್ಲಿ ಬಿಸಿನೀರು, ಸೋಡಾ. ಹಾಳೆಗಳು ಮೊದಲು ನೀರಿನ ಮೇಲೆ ಸೆಟೆದು ನಿಂತವು. ಒತ್ತಿದೆ. ಮೆತ್ತಗಾಗುತ್ತಾ ಒಂದೊಂದೇ ಮುಳುಗಿದವು. ಬಟ್ಟೆ ಗಂಜಿ ಬಿಡುತ್ತಿದ್ದ ಹಾಗೆ ಗೆರೆಗಳು ಎದ್ದವು. ಅಳಿಸಿಹೋಗುವ ಮೊದಲು ಒಂದು ಕ್ಷಣ ಬಟ್ಟೆಯನ್ನು ಬಿಟ್ಟು ನೀರಿನಲ್ಲಿ ನಿಂತವು. ನನ್ನ ಕೈ ಅಲುಗಿ ನೀರು ಅಲುಗಿತು. ಮೇಲಿದ್ದ ಹಾಳೆಯ ಹನ್ನೆರಡು ಆನೆಗಳೂ ಕಾಲು ಸರಿಸಿ, ಸೊಂಡಿಲು ತೂಗಿ, ನಡೆದವು. ಕಾಕಾ ಹೇಳಿದ್ದಂತೆ ನಿಧಾನವಾಗಿ, ಕಚೇರಿ ಇಲ್ಲದವುಗಳ ಹಾಗೆ. ಆಮೇಲೆ ನೀರು ಬೂದಿಯ ಬಣ್ಣಕ್ಕೆ ತಿರುಗಿತು.

ಅವು ನಡೆದದ್ದನ್ನು ಕಂಡವಳು ಲೋಕದಲ್ಲಿ ನಾನೊಬ್ಬಳೇ. ಕಂಡ ಮೇಲೂ ಕೈ ನಿಲ್ಲಿಸಲಿಲ್ಲ ಎಂಬುದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ಸಂಜೆ ಕಾಕಾ ಬಂದು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಹಗ್ಗದ ತುಂಬ ಬಿಳಿ ಬಟ್ಟೆ. ತಂಬಿಗೆ ಹಿಡಿದೇ ನಿಂತರು. ಅಜ್ಜಿಗೆ ಅಷ್ಟರಲ್ಲಿ ತಿಳಿದು, ಹಣೆಗೆ ಕೈ ಹಚ್ಚಿಕೊಂಡು ಅವರ ಹಿಂದೆಯೇ ಬಂದಳು.

"ನಾನೇ ಹೇಳಿದ್ನೋ ವಾಸು, ರದ್ದಿ ತೊಳಕೋ ಅಂತ. ಹುಡುಗಿಗೆ ತಿಳೀಲಿಲ್ಲ, ಎಲ್ಲಾ ಒಂದೇ ಅಂದ್ಕೊಂಡದ."

ಕಾಕಾ ನನ್ನ ಕಡೆ ನೋಡಿದರು. "ತಿಳೀಲಿಲ್ಲೇನು ಪುಟ್ಟಿ?"

"ರದ್ದಿ ಅಂದ್ಕೊಂಡೆ ಕಾಕಾ."

ಅವರು ಒಂದು ಬಟ್ಟೆಯ ಅಂಚನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿ ನೋಡಿದರು. "ಗಂಜಿ ಛಲೋ ಬಿಟ್ಟದ. ಮಸೀದು ಒಂದೂ ಕಲಿ ಉಳಿದಿಲ್ಲ" ಎಂದರು. ಆಮೇಲೆ ಕಾಲು ತೊಳೆದುಕೊಂಡು ಒಳಗೆ ಹೋದರು. ಊಟಕ್ಕೆ ಕೂತಾಗ ಮಜ್ಜಿಗೆ ಅನ್ನ ಎರಡನೆಯ ಸಲ ಹಾಕಿಸಿಕೊಂಡರು. ಅವರು ಬೈಯಬಹುದು ಎಂದು ಕಾದೆ. ಬೈಯಲಿಲ್ಲ.

ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಅಂಗಳದ ಬಿಸಿಲಲ್ಲಿ ಕೂತಿದ್ದೆ. ಕಾಕಾ ಬಂದು ನನ್ನ ಮಡಿಲಲ್ಲಿ ನಾಲ್ಕು ಮಡಿಕೆಯ ಕೆಂಪು ರಿಬ್ಬನ್ ಇಟ್ಟರು.

"ಹಲಗಿ ಮ್ಯಾಲೆ ಬಿಟ್ಟಿದ್ದಿ. ನಿಂದು, ಇಟ್ಕೋ."

ಅಷ್ಟೇ ಹೇಳಿದರು. ನನ್ನ ಕೈಯಿಂದಲೇ ಕಟ್ಟಿದ ಗಂಟು, ಕತ್ತರಿಸದೆ ಬಿಡಿಸಿ, ನೀಟಾಗಿ ಮಡಿಸಿಟ್ಟದ್ದು. ತಿಳಿಯದೆ ರದ್ದಿ ಎಂದುಕೊಂಡವರು ಹಾಗೆ ಮಡಿಸಿಡುವುದಿಲ್ಲ. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಜ್ಜಿಗಾಗಲಿ ಅಪ್ಪನಿಗಾಗಲಿ ಹೇಳಲಿಲ್ಲ. ನನ್ನ ಸುಳ್ಳಿನ ಮೇಲೆ ತಾವೇ ಒಂದು ಮುಸುಕು ಹಾಕಿಕೊಟ್ಟರು.

ಪ್ರದರ್ಶನದ ದಿನ ನನ್ನ ಕರವಸ್ತ್ರಗಳಿಗೆ ಮೊದಲ ಬಹುಮಾನ ಬಂತು. ಅಧಿಕಾರಿಗಳ ಹೆಂಡತಿ ಒಂದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ, ಇಂಥ ಬಟ್ಟೆ ಎಲ್ಲಿ ಸಿಕ್ಕಿತು ಎಂದು ಸಿಸ್ಟರನ್ನು ಕೇಳಿದರು. ಕಾಕಾ ಕಚೇರಿಯಿಂದ ನೇರವಾಗಿ ಬಂದು, ಟೋಪಿ ಕೈಯಲ್ಲಿ ಹಿಡಿದು, ಹೆಂಗಸರ ಸಾಲಿನ ಹಿಂದೆ ತಮ್ಮ ಸರದಿಗಾಗಿ ನಿಂತಿದ್ದರು. ಹತ್ತಿರ ಬಂದು ಬಗ್ಗಿ ನೋಡಿ, "ಹೊಲಿಗಿ ಟಾಕು ಸಣ್ಣಗ ಬಿದ್ದಾವ ಪುಟ್ಟಿ" ಎಂದರು.

ಅವರು ಹೋದ ಮೇಲೆ ಲೀಲಾ ನನ್ನ ತೋಳು ಹಿಡಿದಳು.

"ಆ ಆನಿ ಪುಸ್ತಕ ಮುಗೀತೇನೇ? ಮನ್ಯಾಗ ಹೇಳಿದ್ದೆ. ನಮ್ಮಪ್ಪನೂ ನೋಡಬೇಕಂತಾರ. ಅವರು ಎಲ್ಲಾ ಕಡೆ ಹೇಳ್ಕೊಂಡು ಬಂದಾರ, ನಮ್ಮ ಕಚೇರ್ಯಾಗ ಒಬ್ಬ ಆನಿ ನಡಸ್ತಾನಂತ."

"ನೀ ಅವತ್ತು ನಕ್ಕಿದ್ದಿ."

"ನಗು ಬಂತು, ನಕ್ಕೆ. ಮೇಕೆ ನೋಡಿ ನಗಲಿಲ್ಲೇನು ನೀ?"

ಬಹುಮಾನವಾಗಿ ಕೊಟ್ಟ ಹೂವಿನ ಚಿತ್ರದ ಕಾರ್ಡು ಬೆವರಿಗೆ ಕೈಯಲ್ಲೇ ಮೆತ್ತಗಾಯಿತು.

ಅಮ್ಮ ಕಂಪ್ಲಿಯಿಂದ ತಮ್ಮನನ್ನು ಎತ್ತಿಕೊಂಡು ಬಂದಳು. ಮಿಕ್ಕ ಬಟ್ಟೆಯಲ್ಲಿ ಅಜ್ಜಿ ಅವನಿಗೆ ಅಂಗಿ, ಕುಲಾವಿ ಹೊಲಿದಳು. ಒಂದು ವರ್ಷ ಪೂರ್ತಿ ನಾನು ಆ ಬಟ್ಟೆಯನ್ನು ದಿನಾ ಒಗೆದು ಹಾಕಿದೆ. ಕಾಕಾ ಆಮೇಲೂ ರದ್ದಿ ತಂದರು, ಆದರೆ ಅದರ ಮೇಲೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಮರುವರ್ಷ ಟೆಂಟು ಬಂದಾಗ ನಮ್ಮ ಸಂಗಡ ಬಂದರು. ತುಂಡು ಚಿತ್ರ ಶುರುವಾದ ಕೂಡಲೇ, "ನೀರು ಕುಡದು ಬರ್ತೀನಿ" ಎಂದು ಎದ್ದು ಹೊರಗೆ ಹೋದರು. ಜನ ನಕ್ಕು ಮುಗಿಸಿದ ಮೇಲೆ ಬಂದು ಕೂತರು. ಆಮೇಲಾಮೇಲೆ ಅದೇ ಅವರ ರೂಢಿಯಾಯಿತು. ನನ್ನ ಮದುವೆಗೆ ಹಂದರದ ಕೆಳಗೆ ರಂಗೋಲಿ ಬರೆಯಲು ಯಾರೋ ಕರೆದರೆ, ಕೈ ನಡುಗುತ್ತದೆ ಎಂದರು. ಕೈ ನಡುಗುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದೂರದೂರಿನಲ್ಲಿ ಬಾಣಂತಿ. ಹೇಳಬೇಕಾಗಿದ್ದ ಮಾತು ಹಾಗೇ ಉಳಿಯಿತು.

ಅವರು ಹಗಲು ಬರೆದ ಗೆರೆಗಳೆಲ್ಲ ಕಲ್ಲಾಗಿ ಹೊಳೆಗೆ ಅಡ್ಡ ನಿಂತಿವೆ. ರೈಲಿನಲ್ಲಿ ಹೋಗುವವರು ಕಿಟಕಿಯಿಂದ ಬಗ್ಗಿ ನೋಡುತ್ತಾರೆ. ಸಂಜೆ ಬರೆದದ್ದರಲ್ಲಿ ಆ ಹನ್ನೆರಡು ಎಲೆಯ ಪುಸ್ತಕ ಒಂದೇ ನನ್ನ ಟ್ರಂಕಿನಲ್ಲಿದೆ. ಈಗ ನಮ್ಮ ಮನೆಯ ಟಿವಿಯಲ್ಲಿ ದಿನವಿಡೀ ಬರೆದ ಚಿತ್ರಗಳು ಓಡುತ್ತವೆ. ಮೊಮ್ಮಕ್ಕಳು ಎದ್ದು ಹೋದ ಮೇಲೂ ಬ್ಯಾಂಕಿನ ಮ್ಯಾನೇಜರ್ ಆದ ನನ್ನ ಅಳಿಯ ಬಾಯಿ ತೆರೆದು ನೋಡುತ್ತಾ ಕೂತಿರುತ್ತಾರೆ. ಊಟಕ್ಕೆ ಕರೆದರೆ, "ಇದೊಂದು ಮುಗೀಲಿ" ಎನ್ನುತ್ತಾರೆ. ದೊಡ್ಡವರು ಹೀಗೆ ಆಡುತ್ತಾರೆಯೇ ಎಂದು ಈಗ ಯಾರೂ ಕೇಳುವುದಿಲ್ಲ. ನಾನು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಅವರ ಮುಖ ನೋಡುತ್ತೇನೆ. ಕಾಕಾನ ಎದುರು ಇಂಥದೊಂದು ಮುಖ ಕೂರಬೇಕಾಗಿತ್ತು.

ಚಿಕ್ಕ ಮೊಮ್ಮಗಳಿಗೆ ಆ ಪುಸ್ತಕ ಬಹಳ ಇಷ್ಟ. ಹೆಬ್ಬೆರಳಿನಿಂದ ಸರ್ರನೆ ಬಿಟ್ಟು, "ಆಮೇಲೆ?" ಎಂದು ಕೇಳುತ್ತಾಳೆ. ನಾನು ಉಳಿದ ಕಥೆಯನ್ನು ಬಾಯಲ್ಲಿ ಹೇಳುತ್ತೇನೆ. ತೋಟ ದಾಟಿತು, ಹೊಳೆಗೆ ಇಳಿಯಿತು, ನೀರು ಕುಡಿಯಿತು, ಬಂದು ಇನ್ನೊಂದು ಕಾಲು ಎತ್ತಿ ನಿಂತಿತು.

ಹೋದ ಚಳಿಗಾಲದಲ್ಲಿ ಅವಳನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಗೋಡೆಯ ಆನೆಯ ಮುಂದೆ ನಿಂತು, ಚೀಲದಿಂದ ಪುಸ್ತಕ ತೆಗೆದು ಮೊದಲ ಎಲೆ ನೋಡಿದಳು. ಮತ್ತೆ ಗೋಡೆ ನೋಡಿದಳು. ಹತ್ತಿರ ಹೋಗಿ, ಎತ್ತಿದ ಕಾಲಿನ ಮೇಲೆ ಬೆರಳಿಟ್ಟಳು.

"ಅಜ್ಜಿ, ಇದು ಅದೇ ಕಾಲು ಎತ್ಕೊಂಡದ. ಇದು ನೀರಿಗೆ ಹೋಗೇ ಇಲ್ಲ."

ಮಧ್ಯಾಹ್ನದ ಬಿಸಿಲು, ಬಂಡೆಗಳ ಆಚೆ ಹೊಳೆಯ ಸದ್ದು ಕೇಳುತ್ತಿತ್ತು. "ಹೋಗಿಲ್ಲವ್ವ" ಎಂದೆ. "ಹೊಳಿ ದಂಡಿತನಕ ಬಂದಿತ್ತು. ನಾನು ಬಿಡಲಿಲ್ಲ."